ಜಠರ ಕಿರಿದಾದ ಮೇಲೆ

ಸ್ಥೂಲಕಾಯವನ್ನು ತಗ್ಗಿಸಿಕೊಳ್ಳುವುದಕ್ಕಾಗಿ ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಶಸ್ತ್ರಕ್ರಿಯೆಗೆ ಮನಸ್ಸು ಮಾಡಿದವರೂ ಅವರ ಮನೆಯವರೂ ವೈದ್ಯರ ಮುಂದಿಡುವ ಪ್ರಶ್ನೆಗಳಲ್ಲಿ ಹೆಚ್ಚಿನವು ಆ ಒಂದು ದಿವಸಕ್ಕೆ ಸಂಬಂಧಿಸಿದವು: ಎಷ್ಟು ಹೊತ್ತು ಹಿಡಿಯುತ್ತದೆ, ನೋವು ಎಷ್ಟಿರುತ್ತದೆ, ಪ್ರಾಣಕ್ಕೆ ಅಪಾಯವುಂಟೆ, ಎಂದಿಗೆ ಮನೆಗೆ ಕಳುಹಿಸುತ್ತೀರಿ. ಇವು ಕೇಳತಕ್ಕ ಪ್ರಶ್ನೆಗಳೇ ಸರಿ. ಆದರೆ ಇವಕ್ಕೆ ದೊರೆಯುವ ಉತ್ತರಗಳು ಈಚೆಗೆ ಸಾಕಷ್ಟು ಸಮಾಧಾನಕರವಾಗಿರುವುದರಿಂದ, ಅಷ್ಟನ್ನು ಕೇಳಿಯೇ ನಿಶ್ಚಿಂತರಾದವರು ಮುಂದಿನ ಹತ್ತಿಪ್ಪತ್ತು ವರ್ಷಗಳ ಮಾತನ್ನು ಎತ್ತದೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಬಿಡುವ ಸಂಭವವುಂಟು. ಈ ಚಿಕಿತ್ಸೆಯ ಹೆಚ್ಚಿನ ಭಾರ ಬೀಳುವುದು ಆಮೇಲಿನ ದಿನಗಳ ಅಡಿಗೆಮನೆಯ ಮೇಲೆ, ಮಾತ್ರೆಯ ಡಬ್ಬಿಯ ಮೇಲೆ, ವರ್ಷವರ್ಷವೂ ತಪ್ಪದೆ ಮಾಡಿಸಬೇಕಾದ ರಕ್ತಪರೀಕ್ಷೆಯ ಮೇಲೆ.

ಇದರ ಹುಟ್ಟು ಸ್ವಾರಸ್ಯವಾದದ್ದು. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಶಸ್ತ್ರವೈದ್ಯ ಎಡ್ವರ್ಡ್ ಮೇಸನ್ ಅವರು, ಹುಣ್ಣಿನ ನಿಮಿತ್ತ ಜಠರದ ಬಹುಭಾಗವನ್ನು ತೆಗೆಸಿಕೊಂಡ ರೋಗಿಗಳು ಆಮೇಲೆ ಮೈದುಂಬಿಕೊಳ್ಳಲಾರದೆ ಕೃಶರಾಗಿಯೇ ಉಳಿಯುವುದನ್ನು ಕಂಡು, ಅವರಿಗೆ ಅನಿಷ್ಟವಾದದ್ದು ಬೇರೆ ಕೆಲವರಿಗೆ ಇಷ್ಟವಾದೀತೆಂದು ತರ್ಕಿಸಿ, 1966ರಲ್ಲಿ ತಮ್ಮ ಸಹೋದ್ಯೋಗಿ ಚಿಕಾಷಿ ಇಟೊ ಅವರೊಡನೆ ಈ ಶಸ್ತ್ರಕ್ರಿಯೆಯನ್ನು ಆರಂಭಿಸಿದರು. ಕರುಳನ್ನು ಈಗ ಜೋಡಿಸುವ ಕ್ರಮ ಮಾತ್ರ ಅದಕ್ಕಿಂತ ಹಳೆಯದು; ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿದ್ದ ಸ್ವಿಟ್ಜರ್ಲೆಂಡಿನ ಸೀಸರ್ ರೂ ಎಂಬ ವೈದ್ಯರ ಹೆಸರು ಅದಕ್ಕೆ ಇನ್ನೂ ಅಂಟಿಕೊಂಡಿದೆ. ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ಐದಾರು ಸಣ್ಣ ರಂಧ್ರಗಳ ಮೂಲಕವೇ ಇದನ್ನೆಲ್ಲ ಸಾಧಿಸಬಹುದೆಂಬುದು 1994ರ ವೇಳೆಗೆ ಪ್ರಕಟವಾಯಿತು.

ಮಾಡುವುದೇನೆಂದರೆ, ಅನ್ನನಾಳ ಬಂದು ಸೇರುವ ಕಡೆ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ, ಎಂದರೆ ಎರಡು ದೊಡ್ಡ ಚಮಚದಷ್ಟರ, ಒಂದು ಚೀಲವನ್ನು ಬೇರ್ಪಡಿಸಿ, ಉಳಿದ ಜಠರವನ್ನು ತೆಗೆಯದೆ ಇದ್ದಲ್ಲಿಯೇ ಬಿಟ್ಟು, ಸಣ್ಣ ಕರುಳನ್ನು ಅದರ ಆರಂಭದಿಂದ ತುಸು ಕೆಳಗೆ ಕತ್ತರಿಸಿ, ಅದರ ಕೆಳಗಣ ತುಂಡಿನ ತುದಿಯನ್ನು ಮೇಲಕ್ಕೆ ತಂದು ಆ ಚೀಲಕ್ಕೆ ಜೋಡಿಸುತ್ತಾರೆ. ಹಳೆಯ ಜಠರದ, ಪಿತ್ತಕೋಶದ, ಮೇದೋಜೀರಕ ಗ್ರಂಥಿಯ ರಸಗಳನ್ನು ಹೊತ್ತು ತರುವ ಇನ್ನೊಂದು ತುಂಡನ್ನು ಒಂದು ಮೀಟರಿನ ಆಸುಪಾಸಿನಷ್ಟು ಕೆಳಗೆ ಕರುಳಿಗೇ ಕೂಡಿಸುತ್ತಾರೆ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಬೇರೆಬೇರೆಯಾಗಿ ಬಂದು ಒಂದಾಗುವಂತೆ, ಒಂದು ಕವಲಿನಲ್ಲಿ ಆಹಾರವೂ ಇನ್ನೊಂದರಲ್ಲಿ ಜೀರ್ಣರಸವೂ ಹರಿದು ಬಂದು, ಸಂಗಮದಿಂದ ಕೆಳಗೆ ಮಾತ್ರ ಎರಡೂ ಬೆರೆಯುತ್ತವೆ.

ಚೀಲ ಚಿಕ್ಕದಾದ್ದರಿಂದ ಊಟ ಕಡಮೆ, ಊಟ ಕಡಮೆಯಾದ್ದರಿಂದ ತೂಕ ಕಡಮೆ ಎಂಬ ಸರಳ ಲೆಕ್ಕ ಬಹುಕಾಲ ನಡೆಯಿತು. ಅದು ಪೂರ್ತಿ ತಪ್ಪಲ್ಲವಾದರೂ, ಹೊಟ್ಟೆಗೂ ಮಿದುಳಿಗೂ ನಡುವೆ ನಡೆಯುವ ಹಾರ್ಮೋನುಗಳ ವ್ಯವಹಾರವನ್ನು ಅದು ಗಣನೆಗೆ ತಂದುಕೊಂಡಿರಲಿಲ್ಲ. ಆಹಾರವು ಕರುಳಿನ ಕೆಳಭಾಗವನ್ನು ಬೇಗನೆ ಮುಟ್ಟಿದಾಗ ಜಿ.ಎಲ್.ಪಿ.-1, ಪಿ.ವೈ.ವೈ. ಮೊದಲಾದ ಹಾರ್ಮೋನುಗಳು ಹೆಚ್ಚಾಗಿ ಸ್ರವಿಸಿ ಸಾಕೆಂಬ ತೃಪ್ತಿಯನ್ನು ಹುಟ್ಟಿಸುತ್ತವೆ. ಅವುಗಳಲ್ಲಿ ಮೊದಲನೆಯದು ಇನ್ಸುಲಿನ್ನಿನ ಸ್ರಾವವನ್ನೂ ಪ್ರಚೋದಿಸುತ್ತದೆ. ಎರಡನೆಯ ಬಗೆಯ ಮಧುಮೇಹವುಳ್ಳವರಲ್ಲಿ, ತೂಕವಿನ್ನೂ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ರಕ್ತದ ಸಕ್ಕರೆ ಇಳಿಮುಖವಾಗುವುದಕ್ಕೆ ಇದು ಒಂದು ಮುಖ್ಯ ಕಾರಣ. ಅಮೆರಿಕದ ವಾಲ್ಟರ್ ಪೋರೀಸ್ ಮತ್ತು ಅವರ ಸಂಗಡಿಗರು 1995ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದಾಗ ತಮ್ಮ ವಿಸ್ಮಯವನ್ನು ಲೇಖನದ ಶೀರ್ಷಿಕೆಯಲ್ಲಿಯೇ ತೋಡಿಕೊಂಡಿದ್ದರು. ಹಾಗೆಂದು ಸಕ್ಕರೆ ಕಾಯಿಲೆ ಬೇರುಸಹಿತ ಹೋಯಿತೆಂದು ತಿಳಿಯಕೂಡದು. ಹಲವರಲ್ಲಿ ಅದು ಕೆಲವು ವರ್ಷಗಳ ಮೇಲೆ ಮರಳುತ್ತದೆ, ಬಹುಕಾಲದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವರಲ್ಲಿ ಫಲ ಮೊದಲಿಗೇ ಮಂದವಾಗಿರುತ್ತದೆ. ಈಚೆಗೆ ಪ್ರಸಿದ್ಧಿಗೆ ಬಂದಿರುವ ಸೆಮಾಗ್ಲುಟೈಡ್ ಚುಚ್ಚುಮದ್ದು ಅನುಕರಿಸುವುದು ಇದೇ ಜಿ.ಎಲ್.ಪಿ.-1 ಅನ್ನು; ಆ ಚುಚ್ಚುಮದ್ದನ್ನು ನಿಲ್ಲಿಸಿದರೆ ತೂಕ ಮರಳುವುದು ಸಾಮಾನ್ಯವೆಂಬುದನ್ನು ನೆನಪಿನಲ್ಲಿಟ್ಟುಕೊಂಡು, ಶಸ್ತ್ರಕ್ರಿಯೆಗೆ ಮುನ್ನ ಆ ಮಾರ್ಗವನ್ನೂ ವೈದ್ಯರೊಡನೆ ಚರ್ಚಿಸುವುದು ನ್ಯಾಯ.

ಯಾರಿಗೆ ಇದು ಸಲ್ಲತಕ್ಕದ್ದು? ತೂಕವನ್ನು ಕಿಲೋಗ್ರಾಮಿನಲ್ಲಿಟ್ಟು ಎತ್ತರದ ಮೀಟರುಗಳ ವರ್ಗದಿಂದ ಭಾಗಿಸಿದರೆ ಬರುವ ಬಿ.ಎಂ.ಐ. ಎಂಬ ಸಂಖ್ಯೆಯೇ ಇಲ್ಲಿಯ ಮೊದಲನೆಯ ಅಳತೆಗೋಲು. ಆ ಸಂಖ್ಯೆ 40ನ್ನು ಮುಟ್ಟಿರಬೇಕು, ಇಲ್ಲವೆ 35ರ ಜೊತೆಗೆ ಬೊಜ್ಜಿನಿಂದ ಬಂದ ಬೇರೊಂದು ರೋಗವಿರಬೇಕೆಂಬ 1991ರ ನಿಯಮವನ್ನು ಅಂತರರಾಷ್ಟ್ರೀಯ ವೈದ್ಯಸಂಘಗಳು 2022ರಲ್ಲಿ ಸಡಿಲಿಸಿ, ಏಷ್ಯದ ಜನರು ಕಡಮೆ ತೂಕದಲ್ಲಿಯೇ ಮಧುಮೇಹಾದಿಗಳಿಗೆ ಗುರಿಯಾಗುವುದನ್ನು ಮನಗಂಡು, ಅವರಿಗೆ 27.5ರಿಂದಲೇ ಈ ಚಿಕಿತ್ಸೆಯನ್ನು ಪರಿಗಣಿಸಬಹುದೆಂದಿವೆ. ನಮ್ಮ ದೇಶದ ಆರೋಗ್ಯ ವಿಮೆಯ ಪಾಲಿಸಿಗಳ ಷರತ್ತು ಇನ್ನೂ ಆ ಹಳೆಯ 40 ಮತ್ತು 35ನ್ನೇ ಹಿಡಿದುಕೊಂಡಿದೆ. ಆದುದರಿಂದ ವೈದ್ಯರು ಯೋಗ್ಯರೆಂದವರನ್ನು ವಿಮೆಯವರು ಅಯೋಗ್ಯರೆನ್ನುವ ಪ್ರಸಂಗ ಬರಬಹುದು, ಪಾಲಿಸಿಯ ಸಣ್ಣಕ್ಷರಗಳನ್ನು ಮುಂಚಿತವಾಗಿಯೇ ಓದಿಕೊಳ್ಳುವುದು ಮೇಲು.

ಶಸ್ತ್ರಕ್ರಿಯೆಗೆ ಮೊದಲು ಎರಡು ವಾರದಷ್ಟು ಕಾಲ ಪಥ್ಯವನ್ನು ವಿಧಿಸುವುದುಂಟು. ಅದರಿಂದ ಯಕೃತ್ತಿನಲ್ಲಿಯ ಕೊಬ್ಬು ಕರಗಿ, ಅದರ ಅಡಿಯಲ್ಲಿರುವ ಜಠರ ವೈದ್ಯರ ಕೈಗೆ ಸುಲಭವಾಗಿ ಎಟಕುತ್ತದೆ. ಬೀಡಿ ಸಿಗರೇಟುಗಳನ್ನು ಬಿಡಲೇಬೇಕು. ಪಥ್ಯತಜ್ಞರೂ ಮನೋವೈದ್ಯರೂ ರೋಗಿಯೊಡನೆ ಮಾತನಾಡುವ ಕಡೆ ಅದನ್ನು ಉಪಚಾರದ ಮಾತೆಂದು ಭಾವಿಸಬಾರದು. ಶಸ್ತ್ರಕ್ರಿಯೆಗೆ ಎರಡು ಮೂರು ಗಂಟೆ, ಆಸ್ಪತ್ರೆಯ ವಾಸ ಎರಡು ಮೂರು ದಿನ. ಅದೇ ಸಂಜೆಯೋ ಮರುದಿನವೋ ಎಬ್ಬಿಸಿ ನಡೆಸುವುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರದಿರಲೆಂದು. ಜೋಡಣೆಯ ಕಡೆ ಸೋರಿಕೆ, ರಕ್ತಸ್ರಾವ ಇವೇ ಉಳಿದ ದೊಡ್ಡ ಭಯಗಳು. ಮನೆಗೆ ಬಂದ ಮೇಲೆ ಜ್ವರ, ನಾಡಿಯ ವೇಗ, ಉಸಿರಾಟದ ಕಷ್ಟ, ಹೆಚ್ಚುತ್ತಿರುವ ಹೊಟ್ಟೆನೋವು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬಾರದು. ಅಮೆರಿಕದ ಹತ್ತು ಆಸ್ಪತ್ರೆಗಳ ರೋಗಿಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಂಧ್ರಗಳ ಮೂಲಕ ಬೈಪಾಸ್ ಮಾಡಿಸಿಕೊಂಡವರಲ್ಲಿ ಮೂವತ್ತು ದಿನಗಳೊಳಗೆ ತೀರಿಕೊಂಡವರು ಸಾವಿರಕ್ಕೆ ಇಬ್ಬರು.

ಊಟ ಕ್ರಮಕ್ರಮವಾಗಿ ಮರಳುತ್ತದೆ: ಮೊದಲು ತಿಳಿಯಾದ ದ್ರವಗಳು, ಅನಂತರ ಮಜ್ಜಿಗೆ, ಗಂಜಿ, ಬೇಳೆಯ ಕಟ್ಟಿನಂಥವು, ಆಮೇಲೆ ನುಣ್ಣಗೆ ಅರೆದದ್ದು, ಮೆತ್ತಗೆ ಬೆಂದದ್ದು, ಆರರಿಂದ ಎಂಟು ವಾರಗಳ ವೇಳೆಗೆ ಸಾಮಾನ್ಯ ಆಹಾರ. ಈ ಸಾಮಾನ್ಯ ಎಂಬಲ್ಲಿಯೇ ನಮ್ಮ ನಾಡಿನವರಿಗೆ ತೊಡಕಿರುವುದು. ಘನಾಹಾರದ ಜೊತೆಯಲ್ಲಿ ದ್ರವವನ್ನು ಸೇವಿಸಕೂಡದು, ಊಟಕ್ಕೂ ನೀರಿಗೂ ನಡುವೆ ಅರ್ಧ ಗಂಟೆಯ ಅಂತರವಿರಬೇಕು ಎಂಬುದು ವೈದ್ಯರು ಕೊಡುವ ನಿಯಮ. ನಮ್ಮ ಊಟವಾದರೋ ಅನ್ನದ ಮೇಲೆ ಸಾರು ಸುರಿದುಕೊಂಡು ಮೊದಲಾಗಿ, ಮಜ್ಜಿಗೆ ಸುರಿದುಕೊಂಡು ಮುಗಿಯತಕ್ಕದ್ದು. ಪ್ರತಿ ತುತ್ತನ್ನೂ ನುಣುಪಾಗುವವರೆಗೆ ಅಗಿಯಬೇಕು ಎಂಬುದು ಇನ್ನೊಂದು ನಿಯಮ. ಮಂಡ್ಯ ಹಾಸನಗಳ ಕಡೆಯವರು ಮುದ್ದೆಯನ್ನು ಅಗಿಯದೆ ನುಂಗುವುದನ್ನು ಬಾಲ್ಯದಿಂದಲೇ ಕಲಿತವರು, ಹಾಗೆ ನುಂಗಿದ ತುತ್ತು ಈಗ ಚೀಲದ ಕಿರಿದಾದ ಬಾಯಲ್ಲಿ ಸಿಕ್ಕಿಕೊಂಡು ಎದೆಯೊತ್ತಿ ವಾಂತಿಯಾಗಬಹುದು. ತಟ್ಟೆಯಲ್ಲಿ ಮೊದಲ ಸ್ಥಾನವನ್ನು ಅನ್ನದಿಂದ ಕಿತ್ತು ಪ್ರೋಟೀನಿಗೆ ಕೊಡಬೇಕು. ದಿನಕ್ಕೆ 60 ಗ್ರಾಮಿಗೆ ಕಡಮೆಯಾಗದಷ್ಟು ಪ್ರೋಟೀನನ್ನು ಸಸ್ಯಾಹಾರಿಗಳು ಬೇಳೆಕಾಳು, ಪನೀರು, ಸೋಯಾ, ಗಟ್ಟಿ ಮೊಸರುಗಳಿಂದ ಈ ಪುಟ್ಟ ಚೀಲದ ಮೂಲಕ ಒದಗಿಸಿಕೊಳ್ಳುವುದು ಸುಲಭವಲ್ಲವಾದ್ದರಿಂದ, ಹಲವರಿಗೆ ಪ್ರೋಟೀನ್ ಪುಡಿಯ ಆಶ್ರಯವೂ ಬೇಕಾಗುತ್ತದೆ.

ಸಿಹಿಯ ವಿಷಯ ಇನ್ನೂ ಕಠಿಣ. ಪಾಯಸ, ಹೋಳಿಗೆ, ಕಬ್ಬಿನ ಹಾಲಿನಂಥವು ತಡೆಯಿಲ್ಲದೆ ಕರುಳಿಗೆ ಧುಮುಕಿದಾಗ ಅಲ್ಲಿಗೆ ನೀರು ಸೆಳೆದು, ಅರ್ಧ ಗಂಟೆಯೊಳಗೆ ಎದೆಬಡಿತ, ಬೆವರು, ಹೊಟ್ಟೆನುಲಿತ, ಭೇದಿ, ತಲೆಸುತ್ತುಗಳಿಗೆ ಕಾರಣವಾಗುತ್ತವೆ. ಡಂಪಿಂಗ್ ಎಂದು ವೈದ್ಯರು ಕರೆಯುವುದು ಇದನ್ನೇ. ಒಂದರಿಂದ ಮೂರು ಗಂಟೆಗಳ ಬಳಿಕ ರಕ್ತದ ಸಕ್ಕರೆ ಹಠಾತ್ತನೆ ಕುಸಿದು ಕಣ್ಣು ಕತ್ತಲಿಡುವ ಇನ್ನೊಂದು ಬಗೆಯೂ ಕೆಲವರಲ್ಲಿ ಉಂಟು. ಮದುವೆಯ ಪಂಕ್ತಿಯಲ್ಲಿ ಬೇಡವೆಂದಷ್ಟೂ ಬಡಿಸುವುದೇ ಆದರವೆಂದು ನಂಬಿರುವ ನಮ್ಮ ಬಂಧುಗಳಿಗೆ ಇದನ್ನು ತಿಳಿಯಹೇಳುವುದು, ನನ್ನ ಅಭಿಪ್ರಾಯದಲ್ಲಿ, ಶಸ್ತ್ರಕ್ರಿಯೆಗಿಂತ ಪ್ರಯಾಸದ ಕೆಲಸ.

ಆಹಾರ ದಾಟದೆ ಬಿಟ್ಟುಹೋಗುವ ಕರುಳಿನ ಮೊದಲ ಭಾಗವೇ ಕಬ್ಬಿಣಾಂಶವನ್ನೂ ಕ್ಯಾಲ್ಸಿಯಮ್ಮನ್ನೂ ಹೆಚ್ಚಾಗಿ ಹೀರುತ್ತಿದ್ದ ಸ್ಥಳ; ಬಿ-12 ವಿಟಮಿನ್ನು ಮೈಗೂಡುವುದಕ್ಕೆ ಜಠರದ ಸ್ರಾವಗಳು ಬೇಕು. ಆದುದರಿಂದ ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಬಿ-12 ಮತ್ತು ಬಹುವಿಟಮಿನ್ ಮಾತ್ರೆಗಳು ಬದುಕಿರುವವರೆಗೂ ತಪ್ಪವು. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಮ್ಮಿನದನ್ನೂ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದಕ್ಕೆ ಅಡ್ಡಿ. ಕಾಫಿ ಚಹಾಗಳೊಡನೆ ಕಬ್ಬಿಣವನ್ನು ತೆಗೆದುಕೊಳ್ಳುವುದೂ ವ್ಯರ್ಥಪ್ರಾಯ. ಮೈಯಲ್ಲಿ ಏನೂ ತೊಂದರೆ ಕಾಣದಿರುವುದನ್ನು ನೆಚ್ಚಿ ಮಾತ್ರೆಯನ್ನು ಬಿಟ್ಟವರಲ್ಲಿ ಕೆಲವು ವರ್ಷಗಳ ಮೇಲೆ ರಕ್ತಹೀನತೆ, ಕೈಕಾಲುಗಳ ಜೋಮು, ಮೂಳೆಯ ಸವೆತ ತಲೆದೋರುವುವು. ವಾಂತಿ ಬಿಡದೆ ಹತ್ತಿಕೊಂಡರಂತೂ ಥಯಮಿನ್ ಎಂಬ ಬಿ-1 ವಿಟಮಿನ್ನು ಕೆಲವೇ ವಾರಗಳಲ್ಲಿ ಬರಿದಾಗಿ ನರಗಳಿಗೆ ಶಾಶ್ವತ ಹಾನಿಯಾಗಬಹುದಾದ್ದರಿಂದ ತಡಮಾಡುವಂತಿಲ್ಲ.

ತೂಕ ಎಷ್ಟು ಇಳಿಯುತ್ತದೆ? ಮೊದಲ ಹನ್ನೆರಡರಿಂದ ಹದಿನೆಂಟು ತಿಂಗಳುಗಳಲ್ಲಿ ಮೂಲ ತೂಕದ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಎನ್ನಬಹುದು; 120 ಕಿಲೋಗ್ರಾಂ ಇದ್ದವರು 84ರ ಸುಮಾರಿಗೆ ಬಂದರೆ ಅದು ಒಳ್ಳೆಯ ಫಲ, 60ಕ್ಕೆ ಇಳಿಯುವ ಕನಸನ್ನು ಕಾಣಬಾರದು. ಅನಂತರ ಇಳಿತ ನಿಲ್ಲುತ್ತದೆ, ಕೆಲವು ಕಿಲೋ ಮರಳುವುದೂ ಸಹಜ, ಅಭ್ಯಾಸ ಕೆಟ್ಟರೆ ಬಹಳವೇ ಮರಳುತ್ತದೆ. ಮೂರನೆಯ ತಿಂಗಳಿನ ವೇಳೆಗೆ ತಲೆಗೂದಲು ಹಿಡಿಹಿಡಿಯಾಗಿ ಉದುರಿ ದಿಗಿಲು ಹುಟ್ಟಿಸಿದರೂ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಹೊಟ್ಟೆ ತೋಳುಗಳಲ್ಲಿ ಜೋತುಬೀಳುವ ಚರ್ಮ ಮಾತ್ರ ತಾನಾಗಿ ಬಿಗಿಯದು. ಶೀಘ್ರವಾಗಿ ಕೃಶರಾಗುವವರಲ್ಲಿ ಪಿತ್ತಕೋಶದ ಕಲ್ಲು ಸಾಮಾನ್ಯವಾದ್ದರಿಂದ ಮೊದಲ ಆರು ತಿಂಗಳು ಅದಕ್ಕೆ ಔಷಧ ಕೊಡುವುದುಂಟು. ಮದ್ಯ ಈಗ ಸ್ವಲ್ಪಕ್ಕೇ ಬೇಗನೆ ಏರುತ್ತದೆ. ಹಿಂದೆ ಆ ಚಟವಿಲ್ಲದಿದ್ದವರೂ ಅದಕ್ಕೆ ಸಿಕ್ಕಿಬಿದ್ದ ನಿದರ್ಶನಗಳಿವೆ. ಹೆಣ್ಣುಮಕ್ಕಳು ಹನ್ನೆರಡರಿಂದ ಹದಿನೆಂಟು ತಿಂಗಳು ಗರ್ಭ ಧರಿಸಬಾರದು. ತೂಕ ಇಳಿದಂತೆ ನಿಂತುಹೋಗಿದ್ದ ಮುಟ್ಟು ಸರಿಹೋಗಿ ಗರ್ಭಧಾರಣೆ ಮೊದಲಿಗಿಂತ ಸುಲಭವಾಗುವುದುಂಟಾದ್ದರಿಂದ, ಮಕ್ಕಳಾಗುವುದಿಲ್ಲವೆಂದು ಹಿಂದೆ ಹೇಳಿಸಿಕೊಂಡವರೂ ಈ ಎಚ್ಚರಿಕೆಯನ್ನು ತಮಗಲ್ಲವೆಂದು ತಳ್ಳಿಹಾಕುವಂತಿಲ್ಲ.

ಮಂಡಿ ನೋವಿಗೋ ತಲೆನೋವಿಗೋ ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ಐಬುಪ್ರೊಫೇನ್, ಡೈಕ್ಲೊಫಿನಾಕ್ ಮಾತ್ರೆಗಳನ್ನು ಇನ್ನು ಮುಟ್ಟಕೂಡದು. ಅವುಗಳಿಂದಲೂ ಧೂಮಪಾನದಿಂದಲೂ ಜೋಡಣೆಯ ಸ್ಥಳದಲ್ಲಿ ಹುಣ್ಣಾಗಿ ರಕ್ತ ಸುರಿಯಬಹುದು, ರಂಧ್ರವೂ ಬೀಳಬಹುದು. ಐದು ವರ್ಷವೋ ಹತ್ತು ವರ್ಷವೋ ಆದಮೇಲೆ, ಕರುಳನ್ನು ಜೋಡಿಸಿದಾಗ ಉಳಿದ ಸಂದಿಯೊಳಗೆ ಕರುಳಿನ ಇನ್ನೊಂದು ಭಾಗ ನುಸುಳಿ ತಿರುಚಿಕೊಂಡು, ಬಂದು ಬಂದು ಹೋಗುವ ನೋವಾಗಿ ಆರಂಭವಾಗುವ ತೊಂದರೆಯೂ ಒಂದುಂಟು. ಅದನ್ನು ಗ್ಯಾಸ್ಟ್ರಿಕ್ ಎಂದು ಕಡೆಗಣಿಸಿದರೆ ಕರುಳೇ ಕೊಳೆಯುವ ಅಪಾಯ. ಅಂಥ ನೋವು ದೂರದ ಊರೊಂದರಲ್ಲಿ ಬಂದಾಗ ನೋಡುವ ವೈದ್ಯರಿಗೆ ಈ ಹೊಟ್ಟೆಯ ಒಳಜೋಡಣೆ ಗೊತ್ತಿರಬೇಕೆಂದಿಲ್ಲ. ಬಾಯಿಂದ ಇಳಿಸುವ ಎಂಡೋಸ್ಕೋಪಿಯ ನಳಿಗೆ ಮೂಲೆಗೆ ಬಿದ್ದ ಹಳೆಯ ಜಠರವನ್ನು ಸಾಮಾನ್ಯವಾಗಿ ಮುಟ್ಟಲಾರದೆಂಬುದೂ ಅವರಿಗೆ ಮೊದಲೇ ತಿಳಿದಿದ್ದರೆ ಹೊತ್ತು ಉಳಿಯುತ್ತದೆ. ಆದುದರಿಂದ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ, ಯಾವ ಬಗೆಯ ಬೈಪಾಸ್, ಯಾವ ದಿನ, ಕರುಳಿನ ಯಾವ ತುಂಡು ಎಷ್ಟು ಉದ್ದ ಎಂಬುದೆಲ್ಲ ಇರುವ ಡಿಸ್‌ಚಾರ್ಜ್ ಸಮ್ಮರಿಯನ್ನು ಕೇಳಿ ಪಡೆದು, ಅದರ ಒಂದು ಪ್ರತಿಯನ್ನು ಮನೆಯವರ ಬಳಿಯೂ ಇನ್ನೊಂದನ್ನು ತಮ್ಮ ಮೊಬೈಲಿನಲ್ಲಿಯೂ ಇಟ್ಟುಕೊಂಡಿರಬೇಕು.