ಮುರಿಯದೆ ಹಂಚಿನ ಬಲ ತಿಳಿಯುವುದು

ಕುಂದಾಪುರದ ನಮ್ಮ ಮನೆಗೆ ಹಂಚು ಇಳಿಸುವಾಗ ಅಜ್ಜಯ್ಯ ಒಂದೊಂದನ್ನೂ ಬೆರಳ ಗಂಟಿನಿಂದ ತಟ್ಟುತ್ತಿದ್ದರು: "ಠಣ್ ಅಂದ್ರೆ ಅಡ್ಡಿಲ್ಲೆ, ದಬ್ ಅಂದ್ರೆ ಬದಿಗಿಡ್." ಬೈಂದೂರಿನಿಂದ ಬ್ರಹ್ಮಾವರದವರೆಗೆ ಹಂಚಿನ ಮಾಡಿನಡಿ ಬೆಳೆದವರಿಗೆಲ್ಲ ಗೊತ್ತಿರುವ ಪರೀಕ್ಷೆ. ಬಿರುಕಿದ್ದರೆ ಬಿಗಿತ ತಗ್ಗುತ್ತದೆ, ಕಂಪನ ನಿಧಾನವಾಗುತ್ತದೆ, ಬೇಗ ಅಡಗುತ್ತದೆ.

ಭೌತಶಾಸ್ತ್ರದ ಮೇಷ್ಟ್ರಾಗಿ ನಾನು ಇದನ್ನೇ ಲೇಸರಿನಿಂದ ವಿವರಿಸುತ್ತೇನೆ. ಕಿರಣವನ್ನು ಎರಡಾಗಿ ಸೀಳಿ ಒಂದನ್ನು ಅಲುಗದ ಕನ್ನಡಿಗೂ ಇನ್ನೊಂದನ್ನು ವಸ್ತುವಿಗೂ ಬಿಡಬೇಕು. ಮರಳಿ ಬಂದವು ಕೂಡಿದಲ್ಲಿ ಬೆಳಕು-ಕತ್ತಲೆಯ ಪಟ್ಟೆ. ಭೌತವಿಜ್ಞಾನಿ ಮೈಕೆಲ್ಸನ್ 1881ರಲ್ಲೇ, ಲೇಸರ್ ಹುಟ್ಟುವ ಮೊದಲೇ, ಮಾಡಿದ ಏರ್ಪಾಡು. ಕೆಂಪು ಹೀಲಿಯಂ-ನಿಯಾನ್ ಲೇಸರಿನ ತರಂಗಾಂತರ 632.8 ನ್ಯಾನೋಮೀಟರ್, ವಸ್ತು ಅದರ ಅರ್ಧದಷ್ಟು ಸರಿದರೆ ಒಂದು ಪಟ್ಟೆ ದಾಟುತ್ತದೆ. ಪಟ್ಟೆಗಳಿಂದ ಕಂಪನದ ಆವೃತ್ತಿ ಸಿಗುತ್ತದೆ. ಜೊತೆಗೆ ತೂಕ, ಅಳತೆ ಗೊತ್ತಿದ್ದರೆ ಬಿಗಿತದ ಲೆಕ್ಕವಾದ ಯಂಗ್ ಮಾಡ್ಯುಲಸ್. ಆವೃತ್ತಿ ಶೇ. 10 ಇಳಿದರೆ ಬಿಗಿತ ಶೇ. 19 ಇಳಿದಂತೆ, ಏಕೆಂದರೆ ಇಲ್ಲಿ ವರ್ಗದ ಸಂಬಂಧ.

ಹಂಚಿಗೆ ಇಷ್ಟು ಸಂಭ್ರಮ ಬೇಡ, ಪುಟ್ಟ ಸುತ್ತಿಗೆ ಮತ್ತು ಮೈಕು ಸಾಕು ಎನ್ನುವವ ನಾನು. ಯಕ್ಷಗಾನದ ಮದ್ದಳೆಯ ಚರ್ಮದ ಮಾತು ಬೇರೆ. ಅಂಟಿಸಿದ ಸೆನ್ಸರಿನ ಭಾರಕ್ಕೇ ಅದರ ಶ್ರುತಿ ಕೆಡುತ್ತದೆ. ಬೆಳಕಿಗೆ ಆ ತಾಪತ್ರಯವಿಲ್ಲ. ಭಾರತೀಯ ಚರ್ಮವಾದ್ಯಗಳ ಕುರಿತ 1934ರ ಪ್ರಬಂಧದಲ್ಲಿ ಸಿ.ವಿ. ರಾಮನ್ ಮರಳು ಉದುರಿಸಿ ಕಂಪನದ ಆಕಾರ ತೋರಿಸಿದ್ದರು. ಚರ್ಮ ಎಷ್ಟು ನ್ಯಾನೋಮೀಟರ್ ಅಲುಗಿತೆಂದು ಹೇಳುವುದು ಲೇಸರಿನ ಕೆಲಸ.