ಅಗ್ಗದ ಟಿಕೆಟ್ಟು, ಜೋಮ್‌ಸೋಮ್‌ನ ಗಾಳಿ

"ಬಜೆಟ್ ಏರ್‌ಲೈನಾ? ಬೇಡಪ್ಪ. ಮಕ್ಕಳು, ವಯಸ್ಸಾದವರು ಇರ್ತಾರೆ. ನಾಲ್ಕು ಕಾಸು ಜಾಸ್ತಿಯಾದರೂ ಒಳ್ಳೇದರಲ್ಲೇ ಹೋಗೋಣ."

ವಿದೇಶ ಪ್ರವಾಸದ ಪ್ರಸ್ತಾಪ ಬಂದ ಮನೆಯಲ್ಲಿ ಯಾರಾದರೊಬ್ಬರು ಹೀಗೆ ಅಂದೇ ಅನ್ನುತ್ತಾರೆ. ದುಬಾರಿ ಟಿಕೆಟ್ಟಿನಲ್ಲಿ ಸುರಕ್ಷತೆಯ ಖರ್ಚೂ ಸೇರಿರುತ್ತದೆ, ಅಗ್ಗದ್ದರಲ್ಲಿ ಅದಕ್ಕೇ ಕತ್ತರಿ ಬಿದ್ದಿರುತ್ತದೆ ಎಂಬುದು ಈ ಮಾತಿನ ಹಿಂದಿರುವ ಲೆಕ್ಕ. ಅಪಘಾತಗಳ ಇತಿಹಾಸ ಈ ಲೆಕ್ಕವನ್ನು ಒಪ್ಪುವುದಿಲ್ಲ. 2009ರಲ್ಲಿ 228 ಜನರೊಂದಿಗೆ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದದ್ದು ಏರ್ ಫ್ರಾನ್ಸ್ ವಿಮಾನ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಬಿದ್ದದ್ದು ಲಂಡನ್ನಿಗೆ ಹೊರಟಿದ್ದ ಏರ್ ಇಂಡಿಯಾದ ಡ್ರೀಮ್‌ಲೈನರ್. ಎರಡೂ ಊಟ, ಹೊದಿಕೆ ಕೊಡುವ ಕಂಪನಿಗಳೇ. ಇತ್ತ ನೀರಿಗೂ ದುಡ್ಡು ಕೇಳುವ ಐರ್ಲೆಂಡಿನ ರಯಾನ್‌ಏರ್ 1985ರಿಂದ ಹಾರುತ್ತಿದೆ, ನಮ್ಮ ಇಂಡಿಗೊ 2006ರಿಂದ. ಇವೆರಡರಲ್ಲೂ ವಿಮಾನ ಅಪ್ಪಳಿಸಿ ಪ್ರಯಾಣಿಕರು ಸತ್ತದ್ದಿಲ್ಲ.

ಟಿಕೆಟ್ ಅಗ್ಗವಾಗುವುದು ಬೇರೆ ದಾರಿಗಳಿಂದ. ಒಂದೇ ಮಾದರಿಯ ವಿಮಾನಗಳನ್ನು ಇಟ್ಟುಕೊಂಡರೆ ತರಬೇತಿ, ಬಿಡಿಭಾಗ ಎಲ್ಲವೂ ಒಂದೇ. ಬಂದ ವಿಮಾನವನ್ನು ಅರ್ಧ ಗಂಟೆಯಲ್ಲಿ ಮತ್ತೆ ಹೊರಡಿಸಿದರೆ ದಿನಕ್ಕೆ ಒಂದೆರಡು ಸುತ್ತು ಹೆಚ್ಚು ಹಾರಬಹುದು. ಸೀಟುಗಳನ್ನು ಒತ್ತೊತ್ತಾಗಿ ಜೋಡಿಸುತ್ತಾರೆ, ಊಟ ಮಾರುತ್ತಾರೆ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿದಾಗಲೇ ನಾವು ಈ ಪಾಠ ನೋಡಿದ್ದೇವೆ. ಮೊಣಕಾಲಿಗೆ ಜಾಗ ಕಮ್ಮಿ ಎಂದ ಮಾತ್ರಕ್ಕೆ ಎಂಜಿನ್ ತಪಾಸಣೆಯೂ ಕಮ್ಮಿ ಎಂದಲ್ಲ.

ಹಾಗಾದರೆ ಮಂಗಳೂರು? 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದಂಚಿನಿಂದ ಕಣಿವೆಗೆ ಉರುಳಿತು. 158 ಜನ ಸತ್ತರು, ಎಂಟು ಮಂದಿ ಉಳಿದರು. ಕರಾವಳಿಯವರು ಅಗ್ಗದ ವಿಮಾನಕ್ಕೆ ಹೆದರಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಆದರೆ ತನಿಖಾ ವರದಿ ತೋರಿಸಿದ್ದು ಬೇರೆಯದನ್ನೇ. ವಿಮಾನ ಹೊಸದು, ಬಂದು ಎರಡೂವರೆ ವರ್ಷವೂ ಆಗಿರಲಿಲ್ಲ. ರಾತ್ರಿಯ ಹಾರಾಟದಲ್ಲಿ ಕ್ಯಾಪ್ಟನ್ ದೀರ್ಘ ಹೊತ್ತು ನಿದ್ದೆ ಹೋಗಿದ್ದರು, ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಗೊರಕೆಯೂ ದಾಖಲಾಗಿತ್ತು. ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿ ಬರುತ್ತಿದ್ದಾಗ ಸಹಪೈಲಟ್ ಇಳಿಸುವುದು ಬೇಡ, ಮೇಲೇರಿ ಎಂದು ಎಚ್ಚರಿಸಿದರು. ಕ್ಯಾಪ್ಟನ್ ಇಳಿಸಿಯೇಬಿಟ್ಟರು. ಆ ಹೊತ್ತಿಗೆ ಎಂಟು ಸಾವಿರ ಅಡಿ ರನ್‌ವೇಯ ಐದು ಸಾವಿರ ಅಡಿಗೂ ಹೆಚ್ಚು ಹಿಂದೆ ಉಳಿದಿತ್ತು. ಪೈಲಟ್‌ನ ದಣಿವು, ಇಳಿಸಿಯೇ ತೀರುವ ಹಟ, ತಪ್ಪಿಗೆ ಜಾಗವನ್ನೇ ಬಿಡದ ಗುಡ್ಡದ ಮೇಲಿನ ರನ್‌ವೇ: ಇವು ಯಾವ ಕಂಪನಿಗಾದರೂ ಎದುರಾಗಬಹುದಾದವು.

ಆದ್ದರಿಂದ ಟಿಕೆಟ್ಟಿನ ಬೆಲೆಗಿಂತ ಮೊದಲು ಕೇಳಬೇಕಾದ್ದು, ಆ ಕಂಪನಿಯ ಮೇಲೆ ಯಾರ ಕಣ್ಣಿದೆ ಎಂದು. ಐರೋಪ್ಯ ಒಕ್ಕೂಟ 2006ರಿಂದ ಒಂದು ನಿಷೇಧ ಪಟ್ಟಿಯನ್ನು ಇಟ್ಟುಕೊಂಡು ಬಂದಿದೆ. ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ನಮ್ಮವರು ಗುಂಪುಗುಂಪಾಗಿ ಹೋಗುವ ಬಾಲಿಯ ದೇಶ ಇಂಡೊನೇಷ್ಯಾವನ್ನೇ ತೆಗೆದುಕೊಳ್ಳಿ. 2007ರ ಹೊಸ ವರ್ಷದ ದಿನ ಆ್ಯಡಮ್ ಏರ್‌ನ ವಿಮಾನ 102 ಜನರೊಂದಿಗೆ ಸಮುದ್ರಕ್ಕೆ ಬಿತ್ತು. ಅದೇ ವರ್ಷ ಆ ದೇಶದ ಎಲ್ಲ ಕಂಪನಿಗಳನ್ನೂ, ರಾಷ್ಟ್ರೀಯ ಸಂಸ್ಥೆ ಗರುಡವನ್ನೂ ಸೇರಿಸಿ, ಯುರೋಪ್ ಹೊರಗಿಟ್ಟಿತು. ಗರುಡಕ್ಕೆ 2009ರಲ್ಲಿ ಬಾಗಿಲು ತೆರೆಯಿತು, ಉಳಿದೆಲ್ಲಕ್ಕೂ ಹಂತಹಂತವಾಗಿ ತೆರೆದು ಮುಗಿಯಲು 2018 ಆಯಿತು. ಇಡೀ ದೇಶ ಪಟ್ಟಿಯಿಂದ ಹೊರಬಂದ ಕೆಲವೇ ತಿಂಗಳಲ್ಲಿ ಅಲ್ಲಿಯ ಲಯನ್ ಏರ್‌ನ ಹೊಚ್ಚಹೊಸ ವಿಮಾನ ಬಿದ್ದು 189 ಜನ ಸತ್ತರು ಎಂಬುದನ್ನೂ ಹೇಳಬೇಕು. ಆಗ ಬೋಯಿಂಗ್ ಕಂಪನಿಯ ವಿನ್ಯಾಸದ ದೋಷವೂ ಹೊರಬಿತ್ತು. ಪಟ್ಟಿ ಭವಿಷ್ಯ ಹೇಳುವುದಿಲ್ಲ. ನಿಗಾ ಇಡಬೇಕಾದ ಸರ್ಕಾರ ಕೆಲಸ ಮಾಡುತ್ತಿದೆಯೇ ಎಂಬುದನ್ನಷ್ಟೇ ಹೇಳುತ್ತದೆ.

ಇದೆಲ್ಲ ನಮ್ಮ ಕುಟುಂಬಗಳಿಗೆ ಹೆಚ್ಚು ತಟ್ಟುವ ಜಾಗ ಬಾಲಿಯಲ್ಲ, ನೇಪಾಳ. ಮುಕ್ತಿನಾಥ ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ ಒಂದು. ಅದರ ಕೆಳಗೆ ಹರಿಯುವ ಗಂಡಕಿಯ ಸಾಲಿಗ್ರಾಮ ಎಷ್ಟೋ ಮಾಧ್ವರ ಮನೆಗಳ ದೇವರ ಪೆಟ್ಟಿಗೆಯಲ್ಲಿದೆ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಒಟ್ಟಿಗೆ ಹೊರಡುವ ಯಾತ್ರೆ ಇದು. ಕಠ್ಮಂಡುವಿಗೆ ಯಾವ ವಿಮಾನ ಅಗ್ಗ ಎಂದು ವಾರಗಟ್ಟಲೆ ಹುಡುಕುವವರು ಪೋಖರಾದಿಂದ ಮುಕ್ತಿನಾಥದ ಹತ್ತಿರದ ಜೋಮ್‌ಸೋಮ್‌ಗೆ ಇರುವ ಕೊನೆಯ ಇಪ್ಪತ್ತು ನಿಮಿಷದ ಹಾರಾಟವನ್ನು ಕಣ್ಣುಮುಚ್ಚಿ ಏಜೆಂಟರಿಗೆ ಬಿಟ್ಟಿರುತ್ತಾರೆ.

ಆ ಇಪ್ಪತ್ತು ನಿಮಿಷ ಸಾಮಾನ್ಯದ್ದಲ್ಲ. ಒಂದು ಕಡೆ ಧವಳಗಿರಿ, ಇನ್ನೊಂದು ಕಡೆ ಅನ್ನಪೂರ್ಣ, ನಡುವೆ ಕಾಳಿ ಗಂಡಕಿಯ ಕಮರಿ. ಹೊತ್ತೇರಿದಂತೆ ಆ ಕಮರಿಯಲ್ಲಿ ಗಾಳಿ ಎಷ್ಟು ಬಿರುಸಾಗುತ್ತದೆಂದರೆ ಹಾರಾಟವೆಲ್ಲ ಬೆಳಗ್ಗೆಯೇ ಮುಗಿಯಬೇಕು. ಇಪ್ಪತ್ತು ಸೀಟಿನ ಆಸುಪಾಸಿನ ಪುಟ್ಟ ವಿಮಾನಗಳು, ಪೈಲಟ್ ಕಣ್ಣಿಂದ ದಾರಿ ನೋಡಿಕೊಂಡೇ ಹೋಗಬೇಕು. ಒಂದು ಮೋಡ ಅಡ್ಡ ಬಂದರೂ ಅದರ ಹಿಂದೆ ಬೆಟ್ಟವಿರಬಹುದು. 2012ರ ಮೇ ತಿಂಗಳಲ್ಲಿ ಜೋಮ್‌ಸೋಮ್ ಬಳಿ ಡಾರ್ನಿಯರ್ ವಿಮಾನ ಬಿದ್ದು 15 ಮಂದಿ ಸತ್ತರು. ಹೆಚ್ಚಿನವರು ಮುಕ್ತಿನಾಥಕ್ಕೆ ಹೊರಟ ಭಾರತೀಯರು. ರಸ್ನಾ ಜಾಹೀರಾತಿನಿಂದ ಮನೆಮಾತಾಗಿದ್ದ ಬಾಲನಟಿ ತರುಣಿ ಸಚ್‌ದೇವ್ ಅವರಲ್ಲೊಬ್ಬಳು. 2016ರಲ್ಲಿ ಇದೇ ಮಾರ್ಗದಲ್ಲಿ 23 ಜನ, 2022ರ ಮೇ 29ರಂದು 22 ಜನ. ಆ 22ರಲ್ಲಿ ನಾಲ್ವರು ಭಾರತದ ಒಂದೇ ಕುಟುಂಬದವರು.

ನೇಪಾಳದ ಕಂಪನಿಗಳೆಲ್ಲವನ್ನೂ ಯುರೋಪ್ 2013ರ ಡಿಸೆಂಬರಿನಲ್ಲಿ ಪಟ್ಟಿಗೆ ಸೇರಿಸಿತು. ದಶಕ ದಾಟಿದರೂ ತೆಗೆದಿಲ್ಲ. ಹಿಮಾಲಯವನ್ನು ಯಾರೂ ಸರಿಸಲಾರರು, ನಿಜ. ಆದರೆ ಅಲ್ಲಿ ವಿಮಾನ ನಿಲ್ದಾಣ ನಡೆಸುವುದೂ ಸುರಕ್ಷತೆಯ ಉಸ್ತುವಾರಿ ಮಾಡುವುದೂ ಒಂದೇ ಪ್ರಾಧಿಕಾರ. ಪರೀಕ್ಷೆ ಬರೆದವನೇ ಮೌಲ್ಯಮಾಪಕನಾದ ಈ ವ್ಯವಸ್ಥೆಯನ್ನು ಎರಡಾಗಿ ಒಡೆಯಿರಿ ಎಂದು ವರ್ಷಗಳಿಂದ ಒತ್ತಾಯವಿದೆ. 2023ರ ಜನವರಿಯಲ್ಲಿ ಪೋಖರಾದಲ್ಲಿ 72 ಮಂದಿಯನ್ನು ಬಲಿ ಪಡೆದ ಅಪಘಾತದಲ್ಲಂತೂ ಆಕಾಶ ತಿಳಿಯಾಗಿತ್ತು. ಫ್ಲಾಪ್ ಎಳೆಯಬೇಕಾದಲ್ಲಿ ಪಕ್ಕದ ಲಿವರ್ ಎಳೆದು ಎರಡೂ ಎಂಜಿನ್ನುಗಳ ಬಲ ನಿಂತುಹೋಯಿತು. ಬೆಟ್ಟದ ಮೇಲೆ ತಪ್ಪು ಹೊರಿಸಲು ಅಲ್ಲಿ ಅವಕಾಶವೇ ಇಲ್ಲ.

"ಹಾಗಾದರೆ ಜೀಪಿನಲ್ಲೇ ಹೋಗೋಣ" ಎನ್ನುವವರಿಗೆ ಇನ್ನೊಂದು ಲೆಕ್ಕ. 2024ರ ಜುಲೈನಲ್ಲಿ ಸಿಮಲ್‌ತಾಲ್‌ನಲ್ಲಿ ಗುಡ್ಡ ಕುಸಿದು ಅರವತ್ತಕ್ಕೂ ಹೆಚ್ಚು ಜನರಿದ್ದ ಎರಡು ಬಸ್ಸುಗಳನ್ನು ತ್ರಿಶೂಲಿ ನದಿ ನುಂಗಿತು. ಮರುತಿಂಗಳೇ ಪೋಖರಾದಿಂದ ಕಠ್ಮಂಡುವಿಗೆ ಹೊರಟ ಬಸ್ಸು ಮರ್ಸ್ಯಾಂಗ್ಡಿಗೆ ಉರುಳಿ ಮಹಾರಾಷ್ಟ್ರದ ಯಾತ್ರಿಕರು ಸೇರಿ 27 ಜನ ಸತ್ತರು. ಎರಡೂ ಮಳೆಗಾಲದಲ್ಲೇ. ಮುಕ್ತಿನಾಥವಿರುವ ಮುಸ್ತಾಂಗ್ ಮಳೆನೆರಳಿನ ನಾಡು, ಅಲ್ಲಿ ಮಳೆ ಕಮ್ಮಿ ಎಂದು ಏಜೆಂಟರು ಹೇಳುವುದು ಸುಳ್ಳಲ್ಲ. ಆದರೆ ಅಲ್ಲಿಗೆ ತಲುಪಿಸುವ ಕಣಿವೆಗಳ ಮೇಲೆ ಮಳೆ ಸುರಿಯುತ್ತಲೇ ಇರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯಾತ್ರೆ ಬೇಡ, ಪ್ಯಾಕೇಜು ಎಷ್ಟೇ ಅಗ್ಗವಿರಲಿ. ಅಕ್ಟೋಬರ್, ನವೆಂಬರ್ ಇಲ್ಲವೇ ಮಾರ್ಚ್, ಏಪ್ರಿಲ್‌ನಲ್ಲಿ ಹೋಗುವುದಾದರೆ ಜೀಪಿನ ದಾರಿಯನ್ನು ತಾತೊಪಾನಿಯಲ್ಲಿ ತಂಗಿ ಎರಡು ಹಗಲಿಗೆ ಹಂಚಿಕೊಳ್ಳಿ. ವಿಮಾನವೇ ಆದರೆ ಮುಂಜಾನೆಯ ಮೊದಲ ಹಾರಾಟ. ಎಲ್ಲಕ್ಕಿಂತ ಮುಖ್ಯವಾಗಿ, ಪೋಖರಾದಲ್ಲಿ ಎರಡು ದಿನ ಖಾಲಿ ಇಟ್ಟುಕೊಳ್ಳಿ. ನಾಳೆಯೇ ಕಠ್ಮಂಡುವಿನಿಂದ ವಾಪಸ್ ಟಿಕೆಟ್ ಇರುವ ಹದಿನೈದು ಜನರ ಗುಂಪು ಹವಾಮಾನ ಕೆಟ್ಟ ಬೆಳಗ್ಗೆ ಕೌಂಟರಿನ ಮುಂದೆ ನಿಂತು ಗಲಾಟೆ ಮಾಡುತ್ತದೆ. ಆ ಒತ್ತಡ ಕಾಕ್‌ಪಿಟ್ಟಿನವರೆಗೂ ಮುಟ್ಟುವುದಿಲ್ಲ ಎಂದು ನಾನು ನಂಬುವುದಿಲ್ಲ. ಬೆಂಗಳೂರಿನಿಂದ ಅಗ್ಗದ ವಿಮಾನ ಹಿಡಿದು ಉಳಿಸಿದ ದುಡ್ಡು ಈ ಎರಡು ದಿನದ ಹೋಟೆಲಿಗೆ ಹೋಗಲಿ.

ಉಳಿದದ್ದನ್ನು ಸೀಟಿಗೆ ಕೊಡಿ. ಎಷ್ಟೋ ಬಜೆಟ್ ವಿಮಾನಗಳಲ್ಲಿ ಬೇಕಾದ ಸೀಟು ಆರಿಸಿಕೊಳ್ಳಲು ಪ್ರತ್ಯೇಕ ಶುಲ್ಕ. ಜಿಪುಣತನ ಮಾಡಿದರೆ ಅಪ್ಪ ಒಂದು ತುದಿ, ಮಗು ಇನ್ನೊಂದು ತುದಿ ಆಗಲೂಬಹುದು. 2024ರ ಜನವರಿಯಲ್ಲಿ ಟೋಕಿಯೊದ ಹನೇಡಾದಲ್ಲಿ ಹೊತ್ತಿ ಉರಿದ ಜಪಾನ್ ಏರ್‌ಲೈನ್ಸ್ ವಿಮಾನದಿಂದ 379 ಜನರೂ ಹೊರಬಂದದ್ದು ಯಾರೂ ಬ್ಯಾಗಿಗೆ ಕೈಹಾಕದೆ ಸಾಲಿನಲ್ಲಿ ಸರಿದದ್ದರಿಂದ. ಮಗುವನ್ನು ಹುಡುಕಿಕೊಂಡು ಸಾಲಿಗೆ ಎದುರಾಗಿ ನುಗ್ಗುವ ಅಪ್ಪನನ್ನು ಅಲ್ಲಿ ಊಹಿಸಿ ನೋಡಿ. ಎರಡು ವರ್ಷದೊಳಗಿನ ಕೂಸಿಗೆ ತೊಡೆಯ ಮೇಲಿನ ಟಿಕೆಟ್ ಸಿಗುತ್ತದೆ, ಆದರೆ ವಿಮಾನ ಏಕಾಏಕಿ ಕುಸಿದಾಗ ಯಾವ ತಾಯಿಯ ತೋಳೂ ಬೆಲ್ಟಿನಷ್ಟು ಗಟ್ಟಿಯಲ್ಲ. ಅಮೆರಿಕದ ವಿಮಾನಯಾನ ಇಲಾಖೆಯೂ ಮಗುವಿಗೆ ತನ್ನದೇ ಸೀಟು, ಅದಕ್ಕೊಪ್ಪುವ ಬಂಧಕ ಇರಲಿ ಎಂದೇ ಹೇಳುತ್ತದೆ.

ಮುಂಗಡ ಕೊಡುವ ಮೊದಲು ಏಜೆಂಟರನ್ನು ಒಂದೇ ಪ್ರಶ್ನೆ ಕೇಳಿ: ಜೋಮ್‌ಸೋಮ್ ವಿಮಾನ ಆ ದಿನ ಹಾರದಿದ್ದರೆ ಏನು ಮಾಡುತ್ತೀರಿ? ತಂಗುವ ಜಾಗ, ಜೀಪು, ಮರುದಿನದ ಸೀಟು, ದುಡ್ಡು ವಾಪಸಾತಿ ಎಂದು ಬಿಡಿಸಿ ಹೇಳಿದರೆ ಮಾತು ಮುಂದುವರಿಸಿ. "ಅಂಥದ್ದೇನೂ ಆಗಲ್ಲ ಸಾರ್, ದೇವರಿದ್ದಾನೆ" ಎಂದರೆ ಬೇರೆ ಏಜೆಂಟರನ್ನು ಹುಡುಕಿ.