ಅಡಕೆಯ ತೋಟದಲ್ಲಿ ಒಂದೆಲಗವನ್ನು ನೆಡತಕ್ಕ ಕಾಲ

ಮಲೆನಾಡಿನ ಅಡಕೆಯ ತೋಟಗಳಲ್ಲಿ, ತೇವವಿರುವ ಏರಿಗಳ ಮೇಲೆ ತಾನಾಗಿ ಹಬ್ಬುವ ಒಂದೆಲಗವನ್ನು ಅರಿಯದವರು ವಿರಳ. ಕರಾವಳಿಯವರು ಇದನ್ನು ತಿಮರೆಯೆನ್ನುವರು. ಬ್ರಾಹ್ಮಿಯೆಂದು ಕರೆಯುವವರೂ ಉಂಟು. ಆದರೆ ನೀರುಬ್ರಾಹ್ಮಿಯೆಂಬುದು ಬೇರೆಯೇ ಸಸ್ಯವಾದುದರಿಂದ, ಬಳ್ಳಿಯನ್ನು ತರಿಸುವಾಗ ದುಂಡನೆಯ ಎಲೆಯನ್ನು ಕಣ್ಣಾರೆ ನೋಡಿಯೇ ಕೊಳ್ಳತಕ್ಕದ್ದು. ನೆರಳನ್ನು ಸಹಿಸಿ, ಗೆಣ್ಣುಗೆಣ್ಣಿಗೂ ಬೇರೂರುತ್ತ ಹರಿಯುವ ಈ ಬಳ್ಳಿಯು ಇಳಿಜಾರಿನ ಮೇಲ್ಮಣ್ಣನ್ನು ಹಿಡಿದಿಡುವುದಲ್ಲದೆ, ಮನೆಯ ತಂಬುಳಿಗೂ ಒದಗುವುದು.

ಮೃಗಶಿರೆಯ ಮಳೆ ಬಿದ್ದೊಡನೆ ಇತರ ಸಸಿಗಳೊಂದಿಗೆ ಇದನ್ನೂ ನೆಟ್ಟುಬಿಡುವವರುಂಟು. ಮಳೆ ಕಡಿಮೆಯಾದ ಬಯಲುಸೀಮೆಯ ತೋಟಗಳಿಗೆ ಅದು ಸರಿಯೇ. ಮಲೆನಾಡಿನಲ್ಲಿಯಾದರೋ, ಆರಿದ್ರೆ ಪುನರ್ವಸುಗಳಲ್ಲಿ ಸೋಗೆಗಳಿಂದ ಧಾರೆಯಾಗಿ ಸುರಿಯುವ ನೀರು ಬೇರುಹಿಡಿಯದ ತುಂಡುಗಳನ್ನು ಕಿತ್ತು ಕಾಲುವೆಗೆ ಒಯ್ಯುವುದು. ಉಳಿದವು ಕೆಸರಿನಲ್ಲಿ ಕೊಳೆಯುವುವು.

ಇದಕ್ಕಿಂತ ಗುರುತರವಾದ ಕಾರಣ ಮತ್ತೊಂದುಂಟು. ಡಾ. ಕೋಲ್ಮನ್ ಅವರು ಮೈಸೂರು ಸಂಸ್ಥಾನದಲ್ಲಿ ಕೊಳೆರೋಗವನ್ನು ಕುರಿತು ನಡೆಸಿದ ಶೋಧನೆಯನ್ನು 1910ರಲ್ಲಿ ಪ್ರಕಟಿಸಿದರು. ಆ ರೋಗಕ್ಕೆ ಬೋರ್ಡೋ ದ್ರಾವಣವೇ ಇಂದಿಗೂ ಮುಖ್ಯ ಔಷಧ. ಶೇಕಡಾ 1ರ ದ್ರಾವಣದ 100 ಲೀಟರಿನಲ್ಲಿ 1 ಕಿಲೋಗ್ರಾಂ ಮೈಲುತುತ್ತವಿರುವುದು. ಮುಂಗಾರಿನ ಆರಂಭದಲ್ಲೊಮ್ಮೆ, 40-45 ದಿನಗಳ ತರುವಾಯ ಮತ್ತೊಮ್ಮೆ, ಮಳೆ ಬಿಡದಿದ್ದರೆ ಮೂರನೆಯ ಬಾರಿಯೂ ಇದನ್ನು ಗೊನೆಗಳಿಗೆ ಸಿಂಪಡಿಸುವೆವಷ್ಟೆ. ಗೊನೆಯಿಂದ ತೊಟ್ಟಿಕ್ಕಿದುದು ಕೆಳಗಿನ ಎಲೆಯ ಮೇಲೆಯೇ ಬೀಳುವುದು. ಹಸಿಯಾಗಿ ಅರೆದು ಉಣ್ಣುವ ಸೊಪ್ಪಿನ ಮೇಲೆ ತಾಮ್ರದ ಲೇಪವಿರಬಾರದು.

ಆದುದರಿಂದ ಕಡೆಯ ಸಿಂಪಡಣೆ ಮುಗಿದು ಮಳೆಯ ಬಿರುಸು ತಗ್ಗಿದ ಮೇಲೆ, ಹಸ್ತ ಚಿತ್ತೆಗಳಲ್ಲಿ, ಎಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೂರನೆಯ ವಾರದೊಳಗೆ ನೆಡುವುದು ಲೇಸು. ಆಗ ನೆಲದಲ್ಲಿ ತೇವವುಂಟು, ಕೊಚ್ಚಿಹೋಗುವ ಭಯವಿಲ್ಲ. ಬೇರಿರುವ ಮೂರು ನಾಲ್ಕು ಗೆಣ್ಣಿನ ತುಂಡುಗಳನ್ನು ಒಂದೊಂದು ಅಡಿಗೆ ಊರಬೇಕು. ಬಸಿಗಾಲುವೆಯೊಳಗೆ ಮಾತ್ರ ನೆಡಲಾಗದು. ಹಬ್ಬಿದ ಬಳ್ಳಿ ನೀರನ್ನು ಕಟ್ಟುವುದು, ನೀರು ನಿಂತ ತೋಟದ ಗತಿಯನ್ನು ನಮ್ಮ ಓದುಗರಿಗೆ ಹೇಳಬೇಕಾದುದಿಲ್ಲ. ತೋಟಕ್ಕೆ ಸೊಪ್ಪು ಹಾಸುವ ಆಳುಗಳಿಗೂ ನೆಟ್ಟ ಸ್ಥಳವನ್ನು ತೋರಿಸಿಡಬೇಕು. ದಪ್ಪನೆಯ ಹಾಸಿನಡಿ ಎಳೆಯ ಬಳ್ಳಿ ಉಸಿರುಕಟ್ಟಿ ಸಾಯುವುದು. ದೀಪಾವಳಿಯ ತರುವಾಯ ನೆಲ ಒಣಗದಂತೆ ನೀರು ಕೊಟ್ಟರೆ, ಸುಮಾರು ಮೂರು ತಿಂಗಳಲ್ಲಿ ಮೊದಲನೆಯ ಕೊಯ್ಲು ಸಿಕ್ಕುವುದು.

ಮುಂದಿನ ಮುಂಗಾರಿನಲ್ಲಿ ಮೊದಲ ಸಿಂಪಡಣೆಯ ದಿನದಿಂದಲೇ ಕೊಯ್ಲನ್ನು ನಿಲ್ಲಿಸತಕ್ಕದ್ದು. ಮಳೆಗಾಲ ಕಳೆದೊಡನೆ ಹಳೆಯ ಎಲೆಗಳನ್ನೆಲ್ಲ ಸವರಿ ತೆಗೆದುಹಾಕಿ, ಆ ಮೇಲೆ ಚಿಗುರಿದುದನ್ನು ಮಾತ್ರ ಚೆನ್ನಾಗಿ ತೊಳೆದು ಅಡಿಗೆಗೆ ಬಳಸಬಹುದು.